18 ಸೆಕೆಂಡ್‌ನ ಸುದ್ದಿ

ಇವತ್ತಿನ ಮಾತು ಒಂದು ತಪ್ಪೊಪ್ಪಿಗೆಯಿಂದ ಶುರು. ಬೇರೆಯವರ ತಪ್ಪು ಹುಡುಕೋದು ನಮ್ಮ ದಿನನಿತ್ಯದ ಕೆಲಸ. ಮಂತ್ರಿ ಬಾಯಿತಪ್ಪಿ ಮಾತಾಡಿದ್ರೆ ಹತ್ತು ಸಲ ತೋರಿಸ್ತೀವಿ. ಅಧಿಕಾರಿ ನಿದ್ದೆ ಮಾಡಿದ್ರೆ ಕೆಂಪು ವೃತ್ತ ಹಾಕಿ ತೋರಿಸ್ತೀವಿ. ನಾವೇ ಮಾಡಿದ ತಪ್ಪಿಗೆ ಕೆಂಪು ವೃತ್ತ ಹಾಕೋರು ಯಾರು? ಇವತ್ತು ನಾನೇ ಹಾಕ್ಕೊಳ್ತೀನಿ.

2020ರ ಅಕ್ಟೋಬರ್ 12, ಸೋಮವಾರ. ಕೋವಿಡ್ ಕಾಲ. ಸ್ಟುಡಿಯೋದಲ್ಲಿ ಅರ್ಧ ಜನ, ಎಲ್ಲರ ಮುಖಕ್ಕೂ ಮಾಸ್ಕ್. ಒಂದು ಕಡೆ ಸೋಂಕಿನ ಲೆಕ್ಕ, ಇನ್ನೊಂದು ಕಡೆ ಆರ್.ಆರ್. ನಗರ ಮತ್ತು ಶಿರಾ ಉಪಚುನಾವಣೆಯ ಗದ್ದಲ. ಬುಲೆಟಿನ್ ಓದ್ತಾ ಇದ್ದೆ. ನಡುವೆ ಎರಡು ಸಾಲು ಬಂತು. ಭಾರತ ಫುಟ್‌ಬಾಲ್ ತಂಡದ ಮಾಜಿ ನಾಯಕ ಕಾರ್ಲ್‌ಟನ್ ಚಾಪ್ಮನ್ ಬೆಂಗಳೂರಿನಲ್ಲಿ ನಿಧನರಾಗಿದ್ದಾರೆ, ಅವರಿಗೆ 49 ವರ್ಷ ವಯಸ್ಸಾಗಿತ್ತು. ಅಷ್ಟೇ. ಆ ಹೆಸರು ನಾಲಿಗೆಗೆ ಸರಿಯಾಗಿ ಹೊರಳಲಿಲ್ಲ, ಒಂದು ಸಲ ತೊದಲಿದೆ, ಮತ್ತೆ ಓದಿದೆ, ಮುಂದಿನ ಸುದ್ದಿಗೆ ಹೋದೆ. ಆಮೇಲೆ ರೆಕಾರ್ಡಿಂಗ್ ತೆಗೆಸಿ ನೋಡಿದೆ. ತೊದಲಿದ್ದೂ ಸೇರಿ 18 ಸೆಕೆಂಡ್.

ಮಧ್ಯಾಹ್ನ ಕೊಪ್ಪದಿಂದ ಮಾವನ ಫೋನ್. ನನ್ನ ಅಮ್ಮನ ಅಣ್ಣ. ಮೂವತ್ತು ವರ್ಷ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ದುಡಿದು, ರಿಟೈರ್ ಆಗಿ, ಊರಿಗೆ ವಾಪಸ್ ಹೋಗಿ ಅಡಿಕೆ ತೋಟ ನೋಡ್ಕೊಂಡು ಇರೋರು. ನಾನು ಓದಿದ ಸುದ್ದಿಗೆ ಅವರು ಫೋನ್ ಮಾಡೋದು ಅಪರೂಪ. ಮಾಡಿದ್ರೆ ಹೊಗಳೋಕಂತೂ ಅಲ್ಲ.

“ಎಂಥದಾ ಮಾರಾಯ, ಚಾಪ್ಮನ್ ಹೋದ ಅಂದ್ರೆ ಅಷ್ಟೇನಾ? ಹೆಸರೂ ಸರಿಯಾಗಿ ಹೇಳ್ಲಿಲ್ಲ ನೀನು.”

“ಬುಲೆಟಿನ್‌ನಲ್ಲಿ ಟೈಮ್ ಇರ್ಲಿಲ್ಲ ಮಾವ.”

“ಟೈಮ್ ಇಲ್ದಿದ್ದಾ, ಗೊತ್ತಿಲ್ದಿದ್ದಾ?”

ಉತ್ತರ ಇರಲಿಲ್ಲ. ಯಾಕಂದ್ರೆ ಗೊತ್ತಿರಲಿಲ್ಲ.

ಕಥೆ ಇಲ್ಲಿಗೆ ಮುಗಿಯಲ್ಲ. ಅದೇ ದಿನ ರಾತ್ರಿ ಶಾರ್ಜಾದಲ್ಲಿ ಐಪಿಎಲ್ ಪಂದ್ಯ. ಯಾರ ನಡುವೆ ಗೊತ್ತಾ? ಬೆಂಗಳೂರು ಮತ್ತು ಕೋಲ್ಕತ್ತಾ. ಎಬಿ ಡಿವಿಲಿಯರ್ಸ್ 33 ಎಸೆತಕ್ಕೆ 73 ರನ್ ಚಚ್ಚಿದ್ರು. ಆರ್‌ಸಿಬಿ 82 ರನ್‌ನಿಂದ ಗೆಲ್ತು. ನಾವು ಅರ್ಧ ಗಂಟೆಯ ವಿಶೇಷ ಕಾರ್ಯಕ್ರಮ ಮಾಡಿದ್ವಿ. ಎಬಿಡಿ ಆಟ ನನಗೂ ಪ್ರಾಣ, ಅದರಲ್ಲಿ ತಪ್ಪಿಲ್ಲ. ಆದ್ರೆ ಬೆಂಗಳೂರಲ್ಲಿ ಹುಟ್ಟಿ, ಕೋಲ್ಕತ್ತಾದಲ್ಲಿ ಹೆಸರು ಮಾಡಿದ ಒಬ್ಬ ಮನುಷ್ಯ ಅವತ್ತೇ ಬೆಳಗ್ಗೆ ತೀರಿಕೊಂಡಿದ್ದ. ಎರಡು ಊರಿನ ಹೆಸರೂ ರಾತ್ರಿಯಿಡೀ ಸ್ಕ್ರೀನ್ ಮೇಲಿತ್ತು. ಅವನ ಹೆಸರು ಇರಲಿಲ್ಲ.

ಇನ್ನೊಂದು ಮಾತು, ಇದು ಇನ್ನೂ ನಾಚಿಕೆಯದ್ದು. ಅದಕ್ಕೆ ಎರಡು ತಿಂಗಳ ಹಿಂದೆ, ಆಗಸ್ಟ್‌ನಲ್ಲಿ, ಇಟಲಿಯ ಯುವೆಂಟಸ್ ಕ್ಲಬ್ ತನ್ನ ಹೊಸ ಕೋಚ್ ಹೆಸರು ಪ್ರಕಟಿಸಿತ್ತು. ಆಂಡ್ರಿಯಾ ಪಿರ್ಲೊ. ಆಗ ಸ್ಪೋರ್ಟ್ಸ್ ಡೆಸ್ಕ್‌ಗೆ ಹೋಗಿ ಹಠ ಹಿಡಿದು ಎರಡು ನಿಮಿಷದ ಸ್ಟೋರಿ ಮಾಡಿಸಿದ್ದು ಇದೇ ನಾನು.

ಪಿರ್ಲೊ ಯಾಕೆ ಅಂತ ಕೇಳ್ತೀರಾ? 2006ರ ಜುಲೈ 9. ನಾನು ಎಂಜಿನಿಯರಿಂಗ್ ಓದ್ತಿದ್ದೆ. ಹಾಸ್ಟೆಲ್‌ನ ಟಿ.ವಿ. ರೂಮಲ್ಲಿ ಕಾಲಿಡೋಕೆ ಜಾಗ ಇಲ್ಲ. ರಾತ್ರಿ ಹನ್ನೊಂದೂವರೆಗೆ ಬರ್ಲಿನ್‌ನಲ್ಲಿ ವಿಶ್ವಕಪ್ ಫೈನಲ್, ಇಟಲಿ ಮತ್ತು ಫ್ರಾನ್ಸ್. ಜಿದಾನ್ ತಲೆಯಿಂದ ಗುದ್ದಿದ್ದು ಎಲ್ಲರಿಗೂ ನೆನಪಿದೆ. ಗ್ರೊಸ್ಸೊ ಹೊಡೆದ ಕೊನೆಯ ಪೆನಾಲ್ಟಿ ನೆನಪಿದೆ. ಆದ್ರೆ ಪಂದ್ಯಶ್ರೇಷ್ಠ ಯಾರು? ಪಿರ್ಲೊ. ಗೋಲ್ ಹೊಡೆದಿದ್ದು ಮಟೆರಾಜ್ಜಿ, ಆ ಗೋಲ್‌ಗೆ ಕಾರ್ನರ್‌ನಿಂದ ಚೆಂಡು ಕಳಿಸಿದ್ದು ಪಿರ್ಲೊ. ಓಡೋದು ಕಡಿಮೆ, ಕೂಗೋದು ಇಲ್ಲವೇ ಇಲ್ಲ. ಮೈದಾನದ ನಡುವೆ ನಿಂತು, ತಲೆ ಎತ್ತಿ, ಇಡೀ ಪಂದ್ಯದ ವೇಗವನ್ನೇ ಕೈಯಲ್ಲಿ ಇಟ್ಟುಕೊಂಡ ಮನುಷ್ಯ. ಇಟಲಿ ಪರ 116 ಪಂದ್ಯ. ಮಿಲಾನ್‌ಗೆ ಎರಡು ಚಾಂಪಿಯನ್ಸ್ ಲೀಗ್, ಆಮೇಲೆ ಯುವೆಂಟಸ್‌ಗೆ ಸತತ ನಾಲ್ಕು ಲೀಗ್ ಪಟ್ಟ. 2017ರಲ್ಲಿ ನಿವೃತ್ತಿ. ಇದನ್ನೆಲ್ಲ ನಾನು ಈಗಲೂ ನೋಡದೆ ಹೇಳ್ತೀನಿ.

ಮಿಡ್‌ಫೀಲ್ಡರ್ ಅಂದ್ರೆ ಯಾರು ಅನ್ನೋದು ನನಗೆ ಅರ್ಥ ಆಗಿದ್ದು ಪಿರ್ಲೊನಿಂದ ಅಂತ ಅಂದ್ಕೊಂಡಿದ್ದೆ. ಈಗ ಯೋಚಿಸಿದ್ರೆ, ಅದನ್ನ ಕೊಪ್ಪದ ಬಸ್‌ನಲ್ಲೇ ಕಲಿತಿದ್ದೆ.

ನಮ್ಮ ಕಡೆಯವರಿಗೆ ಸಹಕಾರ ಸಾರಿಗೆ ಅಂದ್ರೆ ಬೇರೆ ವಿವರಣೆ ಬೇಡ. 1991ರಲ್ಲಿ ಶಂಕರ್ ಕಂಪನಿ ಬಸ್ ನಿಂತಾಗ ಕಾರ್ಮಿಕರೇ ಒಟ್ಟಾಗಿ ಕಟ್ಟಿದ ಸಂಸ್ಥೆ. ಕೊಪ್ಪದಿಂದ ಶೃಂಗೇರಿಗೆ, ಎನ್.ಆರ್. ಪುರಕ್ಕೆ, ಹಳ್ಳಿಹಳ್ಳಿಗೆ ಅದೇ ಬಸ್. ಮಳೆಗಾಲದಲ್ಲಿ ಏರು ಹತ್ತುವಾಗ ನಾನು ಡ್ರೈವರ್ ಪಕ್ಕದ ಸೀಟಲ್ಲಿ ಕೂತು ಅವರ ಎಡಗಾಲನ್ನೇ ನೋಡ್ತಿದ್ದೆ. ಆಮೇಲೆ ಎಂಜಿನಿಯರಿಂಗ್‌ನಲ್ಲಿ ಓದಿದಾಗ ಗೊತ್ತಾಯ್ತು, ಆ ಎಡಗಾಲು ಮಾಡ್ತಿದ್ದ ಕೆಲಸ ಏನು ಅಂತ. ಎಂಜಿನ್ ಎಷ್ಟೇ ಜೋರಾಗಿರಲಿ, ಚಕ್ರ ಎಷ್ಟೇ ಹೊಸದಾಗಿರಲಿ, ಎರಡರ ನಡುವೆ ಕ್ಲಚ್ ಸರಿಯಾಗಿ ಹಿಡಿಯದಿದ್ರೆ ಬಸ್ ಏರು ಹತ್ತಲ್ಲ. ಯಾವಾಗ ಬಿಡಬೇಕು, ಎಷ್ಟು ಬಿಡಬೇಕು, ಅಷ್ಟೇ. ಬಸ್ ಏರು ಹತ್ತಿದಾಗ ಯಾರಾದ್ರೂ ಕ್ಲಚ್‌ಗೆ ಥ್ಯಾಂಕ್ಸ್ ಹೇಳ್ತಾರಾ? ಇಲ್ಲ. ಅದು ಸುಟ್ಟು ವಾಸನೆ ಬಂದಾಗ ಮಾತ್ರ ಅದರ ನೆನಪು. ಸಹಕಾರ ಸಾರಿಗೆಯ ಬಸ್‌ಗಳದ್ದೂ ಅದೇ ಕಥೆ. 2020ರ ಫೆಬ್ರವರಿಯಲ್ಲಿ ಓಡಾಟ ನಿಂತ ಮೇಲೆ, ಅದು ನಮ್ಮನ್ನ ಎಷ್ಟು ವರ್ಷ ಹೊತ್ತು ತಿರುಗಿತ್ತು ಅನ್ನೋದು ನಮಗೆ ಗೊತ್ತಾಗಿದ್ದು.

ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡರ್ ಅಂದ್ರೆ ಆ ಕ್ಲಚ್. ಹಿಂದಿನವರು ತಡೆದ ಚೆಂಡನ್ನ ಮುಂದಿನವರಿಗೆ ಮುಟ್ಟಿಸೋನು. ಗೋಲ್ ಬಿದ್ದಾಗ ಕ್ಯಾಮೆರಾ ಅವನ ಮೇಲೆ ಇರಲ್ಲ.

ಸರಿ, ಈಗ ಚಾಪ್ಮನ್ ಕಥೆಗೆ ಬರೋಣ. ಅದು ಶುರುವಾಗೋದು ಅವನಿಗಿಂತ ಬಹಳ ಹಿಂದೆ.

ಬೆಂಗಳೂರು ಅಂದ್ರೆ ಒಂದು ಊರಲ್ಲ, ಎರಡು ಊರು. ಒಂದು ಪೇಟೆ, ಇನ್ನೊಂದು ದಂಡು. ಪೇಟೆ ಮೈಸೂರು ಮಹಾರಾಜರದ್ದು, ದಂಡು ಬ್ರಿಟಿಷರದ್ದು. ದಂಡು ಪ್ರದೇಶ ಮೈಸೂರಿನ ಕೈಗೆ ವಾಪಸ್ ಬಂದಿದ್ದು 1947ರಲ್ಲಿ, ಎರಡೂ ಸೇರಿ ಒಂದು ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ದಂಡಿನ ಜೊತೆ ಬಂದಿದ್ದು ಫುಟ್‌ಬಾಲ್. ಸೋಲ್ಜರ್‌ಗಳು ಆಡಿದ್ರು, ಅವರನ್ನ ನೋಡಿ ಸುತ್ತಲಿನ ಬಡಾವಣೆಗಳ ಹುಡುಗರು ಆಡಿದ್ರು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರ. ಗೌತಮಪುರಕ್ಕೆ ಇವತ್ತಿಗೂ ಹೋಗಿ ನೋಡಿ, ಬೀದಿಯಲ್ಲಿ ಪೆಲೆಯ ಪ್ರತಿಮೆ ಇದೆ.

ಆ ಬೀದಿಗಳಿಂದ ಬಂದವರ ಪಟ್ಟಿ ಕೇಳಿ. 1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ತಂಡ ಫ್ರಾನ್ಸ್ ವಿರುದ್ಧ ಆಡ್ತು. ಬಹುತೇಕ ಆಟಗಾರರದು ಬರಿಗಾಲು. ನಾವು ಎರಡು ಪೆನಾಲ್ಟಿ ಕಳ್ಕೊಂಡು 2-1ರಿಂದ ಸೋತ್ವಿ. ನಮ್ಮ ಆ ಒಂದು ಗೋಲ್, ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲ್, ಹೊಡೆದಿದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್. ಅವರು 1952ರ ಹೆಲ್ಸಿಂಕಿಗೂ ಹೋದ್ರು, 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ರು. ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್‌ನ ಐವರು ಫಾರ್ವರ್ಡ್‌ಗಳನ್ನ ಅಲ್ಲಿಯ ಜನ ಪಂಚ ಪಾಂಡವರು ಅಂತ ಕರೀತಿದ್ರು. ಆ ಐವರಲ್ಲಿ ಅಹ್ಮದ್ ಖಾನ್ ಒಬ್ರು, ಬೆಂಗಳೂರಿನ ಧನರಾಜ್ ಇನ್ನೊಬ್ರು. ಅಹ್ಮದ್ ಖಾನ್ ಕೊನೆಯವರೆಗೂ ಕೋಲ್ಕತ್ತಾದಲ್ಲೇ ಉಳಿದ್ರು. 2017ರಲ್ಲಿ ಅಲ್ಲೇ ತೀರಿಕೊಂಡ್ರು.

ಇನ್ನೊಬ್ಬರು ಕೆಂಪಯ್ಯ. ಬೆಂಗಳೂರಿನವರು, ಆಗಿನ ಭಾಷೆಯಲ್ಲಿ ಹಾಫ್ ಬ್ಯಾಕ್, ಈಗಿನ ಲೆಕ್ಕದಲ್ಲಿ ಮಿಡ್‌ಫೀಲ್ಡರ್. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನ 4-2ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋಗಿ, ಕೊನೆಗೆ ನಾಲ್ಕನೇ ಸ್ಥಾನ ಪಡೀತಲ್ಲ, ಆ ತಂಡದಲ್ಲಿ ಕೆಂಪಯ್ಯ ಇದ್ರು. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲೂ ಇದ್ರು. ಇಟಲಿಯ ಗ್ರೊಸೆಟೊ ಅನ್ನೋ ಊರಲ್ಲಿ ಭಾರತ ಫ್ರಾನ್ಸ್ ಜೊತೆ 1-1 ಡ್ರಾ ಮಾಡ್ಕೊಂಡಿತ್ತು. ಯೋಚಿಸಿ. ನಾನು ಇಟಲಿಯ ಮಿಡ್‌ಫೀಲ್ಡರ್‌ನ ಪೋಸ್ಟರ್ ಗೋಡೆಗೆ ಅಂಟಿಸೋ 46 ವರ್ಷ ಮೊದಲೇ ನಮ್ಮ ಕೆಂಪಯ್ಯ ಇಟಲಿಗೆ ಹೋಗಿ ಬಂದಿದ್ರು.

ಇದು ಬರೀ ಕೆಲವರ ಕಥೆಯಲ್ಲ. ದೇಶದ ರಾಜ್ಯಗಳ ನಡುವೆ ನಡೆಯೋ ಸಂತೋಷ್ ಟ್ರೋಫಿಯನ್ನ ಮೈಸೂರು ತಂಡ ನಾಲ್ಕು ಸಲ ಗೆದ್ದಿದೆ. 1946-47, 1952-53, 1967-68, 1968-69. ನಾಲ್ಕು ಸಲವೂ ಫೈನಲ್‌ನಲ್ಲಿ ಸೋತಿದ್ದು ಬಂಗಾಳ. ಬಂಗಾಳದವರು ನಮ್ಮ ಆಟಗಾರರನ್ನ ಯಾಕೆ ಕರ್ಕೊಂಡು ಹೋದ್ರು ಅಂತ ಈಗ ಅರ್ಥ ಆಯ್ತಲ್ಲ? ಅಲ್ಲಿ ಫುಟ್‌ಬಾಲ್‌ಗೆ ಜನ ಇದ್ರು, ಹಣ ಇತ್ತು, ಪೇಪರ್‌ನ ಮೊದಲ ಪುಟ ಇತ್ತು. ಬೆಂಗಳೂರಲ್ಲಿ ಏನಿತ್ತು? ಕಾರ್ಖಾನೆಯ ಟೀಮು. ಎಚ್‌ಎಎಲ್, ಐಟಿಐ. ಆಟಗಾರನಿಗೆ ಕೆಲಸ ಸಿಗ್ತಿತ್ತು, ತಿಂಗಳ ಸಂಬಳ ಬರ್ತಿತ್ತು, ಸಂಜೆ ಆಡಬಹುದಿತ್ತು. ಅದೇನೂ ಕಡಿಮೆ ಅಲ್ಲ. ಎಷ್ಟೋ ಮನೆಗಳ ಒಲೆ ಉರಿದಿದ್ದು ಅದರಿಂದಲೇ. ಆದ್ರೆ ದೇಶ ನಿನ್ನನ್ನ ನೋಡಬೇಕು ಅಂದ್ರೆ ರೈಲು ಹತ್ತಬೇಕಿತ್ತು.

ನನ್ನ ಮಾವ ಭಾನುವಾರ ಭಾನುವಾರ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೋಗ್ತಿದ್ರಂತೆ. ಒಮ್ಮೊಮ್ಮೆ ಆಸ್ಟಿನ್ ಟೌನ್‌ನ ನಂದನ್ ಗ್ರೌಂಡ್‌ಗೂ ಹೋಗಿ, ಬೇಲಿ ಪಕ್ಕ ನಿಂತು ಹುಡುಗರ ಆಟ ನೋಡ್ತಿದ್ರಂತೆ. “ಆ ಹುಡುಗರಲ್ಲಿ ಚಾಪ್ಮನ್ ಯಾರು, ಮತ್ತೊಬ್ಬ ಯಾರು ಅಂತ ಆಗ ಯಾರಿಗೆ ಗೊತ್ತಿತ್ತು ಹೇಳು. ಎಲ್ಲ ಒಂದೇ ಥರ, ಮೊಣಕಾಲಿಗೆಲ್ಲ ಕೆಂಪು ಮಣ್ಣು” ಅಂದ್ರು.

ಆಸ್ಟಿನ್ ಟೌನ್‌ಗೆ ಈಗ ಇನ್ನೊಂದು ಹೆಸರಿದೆ. ಕಿಟೆಲ್ ನಗರ. 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟ ಜರ್ಮನಿಯ ಫರ್ಡಿನೆಂಡ್ ಕಿಟೆಲ್ ಹೆಸರು. ಹೊರಗಿನಿಂದ ಬಂದ ಒಬ್ಬ ಮನುಷ್ಯ ನಮ್ಮ ಭಾಷೆಯ ಒಂದೊಂದು ಪದವನ್ನೂ ಹೆಕ್ಕಿ ಬರೆದಿಟ್ಟ. ಅವನ ಹೆಸರಿನ ಬಡಾವಣೆಯಲ್ಲಿ ಬೆಳೆದ ಹುಡುಗನ ಹೆಸರನ್ನ ಕನ್ನಡ ಚಾನೆಲ್‌ನ ನಾನು ತೊದಲದೆ ಓದೋಕಾಗಲಿಲ್ಲ.

ಕಾರ್ಲ್‌ಟನ್ ಚಾಪ್ಮನ್ ಹುಟ್ಟಿದ್ದು 1971ರ ಏಪ್ರಿಲ್ 13. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಸೇರಿದ. ಆ ಅಕಾಡೆಮಿ ಶುರುವಾಗಿ ಆಗ ಮೂರೇ ವರ್ಷ. ಹತ್ತೊಂಬತ್ತರ ಹುಡುಗ ಮೊದಲ ರೈಲು ಹತ್ತಿದ್ದು ಆಗ. ಅಲ್ಲಿಂದ 1993ರಲ್ಲಿ ಸೀದಾ ಈಸ್ಟ್ ಬೆಂಗಾಲ್‌ಗೆ. ಅಹ್ಮದ್ ಖಾನ್ ಆಡಿದ್ದ ಅದೇ ಕ್ಲಬ್.

ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್. ಎದುರಾಳಿ ಇರಾಕ್‌ನ ಅಲ್ ಜವ್ರಾ, ಬಾಗ್ದಾದ್‌ನ ದೊಡ್ಡ ಕ್ಲಬ್. ಆ ಕಾಲಕ್ಕೆ ಇರಾಕ್ ಅಂದ್ರೆ ಏಷ್ಯಾದ ಫುಟ್‌ಬಾಲ್‌ನಲ್ಲಿ ದೊಡ್ಡಣ್ಣ, 1986ರಲ್ಲಿ ವಿಶ್ವಕಪ್ ಆಡಿ ಬಂದ ದೇಶ. ಭಾರತದ ಕ್ಲಬ್ ಗೆಲ್ಲುತ್ತೆ ಅಂತ ಯಾರು ಹೇಳ್ತಿದ್ರು? ಈಸ್ಟ್ ಬೆಂಗಾಲ್ ಗೆದ್ದಿದ್ದು 6-2ರಿಂದ. ಆರರಲ್ಲಿ ಮೂರು ಗೋಲ್ ಚಾಪ್ಮನ್‌ನದು. 22 ವರ್ಷದ ಮಿಡ್‌ಫೀಲ್ಡರ್‌ನಿಂದ ಹ್ಯಾಟ್ರಿಕ್.

ಅವನು ತೀರಿಕೊಂಡಾಗ ದೇಶದ ಪೇಪರ್‌ಗಳು ಬರೆದಿದ್ದು ಈ ಹ್ಯಾಟ್ರಿಕ್ ಬಗ್ಗೆಯೇ. ಬರೀಲಿ, ಬರೆಯೋ ಹಾಗೇ ಇತ್ತು. ಆದ್ರೆ ಒಂದು ವಿಷಯ ಗಮನಿಸಿ. ಹತ್ತು ವರ್ಷ ಬೇರೆಯವರಿಗೆ ಪಾಸ್ ಕೊಟ್ಟವನನ್ನೂ ನಾವು ನೆನಪಿಡೋದು ಅವನು ಹೊಡೆದ ಗೋಲ್‌ನಿಂದಲೇ.

1995ರಲ್ಲಿ ಎರಡನೇ ರೈಲು. ಪಂಜಾಬಿನ ಫಗ್ವಾರಾ. ಅಲ್ಲಿ ಜೆಸಿಟಿ ಅನ್ನೋ ಬಟ್ಟೆ ಗಿರಣಿಯ ಟೀಮು. ಮುಂದೆ ಕೇರಳದ ತ್ರಿಶ್ಶೂರಿನ ಐ.ಎಂ. ವಿಜಯನ್, ಸಿಕ್ಕಿಂನ ಬೈಚುಂಗ್ ಭುಟಿಯಾ. ನಡುವೆ ಬೆಂಗಳೂರಿನ ಚಾಪ್ಮನ್. ಭಾರತದ ಭೂಪಟ ತೆಗೆದು ನೋಡಿ. ಮೂರು ಮೂಲೆಯ ಮೂವರು ನಾಲ್ಕನೇ ಮೂಲೆಯ ಒಂದು ಗಿರಣಿಗಾಗಿ ಆಡ್ತಿದ್ರು. 1996-97ರಲ್ಲಿ ದೇಶದಲ್ಲಿ ಮೊದಲ ಸಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ನಡೀತು. ಗೆದ್ದಿದ್ದು ಕೋಲ್ಕತ್ತಾದ ದೊಡ್ಡ ಕ್ಲಬ್‌ಗಳಲ್ಲ, ಈ ಗಿರಣಿ ಟೀಮು. ಆ ಲೀಗ್‌ನಲ್ಲಿ ಅತಿ ಹೆಚ್ಚು ಗೋಲ್ ಹೊಡೆದಿದ್ದು ಭುಟಿಯಾ, 14 ಗೋಲ್. ಗೋಲ್ ಹೊಡೆದವರ ಪಟ್ಟಿ ಪೇಪರ್‌ನಲ್ಲಿ ಬರ್ತಿತ್ತು. ಆ ಗೋಲ್‌ಗೆ ಮೊದಲು ಚೆಂಡು ಯಾರ ಕಾಲಲ್ಲಿತ್ತು ಅನ್ನೋ ಪಟ್ಟಿ ಬರ್ತಿರಲಿಲ್ಲ.

1997ರಲ್ಲಿ ಕಾಠ್ಮಂಡುವಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್. ಫೈನಲ್‌ನಲ್ಲಿ ಭಾರತ ಮಾಲ್ಡೀವ್ಸ್ ತಂಡವನ್ನ 5-1ರಿಂದ ಸೋಲಿಸಿ ಕಪ್ ಎತ್ತಿತು. ನಾಯಕ ಚಾಪ್ಮನ್. ಒಬ್ಬ ಕನ್ನಡ ನಾಡಿನ ಹುಡುಗ ಭಾರತ ತಂಡದ ನಾಯಕನಾಗಿ ಕಪ್ ಗೆದ್ದ. ಕ್ರಿಕೆಟ್‌ನಲ್ಲಿ ಇದೇ ಆಗಿದ್ರೆ ಇಂದಿಗೂ ಆ ದಿನಕ್ಕೆ ವಾರ್ಷಿಕೋತ್ಸವ ಮಾಡ್ತಿದ್ವಿ. ಹೌದೋ ಅಲ್ವೋ?

ಮೂರನೇ ರೈಲು ಕೊಚ್ಚಿಗೆ. 1997ರಲ್ಲಿ ಹುಟ್ಟಿದ ಎಫ್‌ಸಿ ಕೊಚ್ಚಿನ್ ಭಾರತದ ಮೊದಲ ವೃತ್ತಿಪರ ಕ್ಲಬ್ ಅಂತ ಹೆಸರಾಗಿತ್ತು. ಈ ಭಾಗ ನನಗೆ ಗೊತ್ತಾಗಿದ್ದು ಎನ್.ಆರ್. ಪುರದ ಗೆಳೆಯನ ಮನೆಯಲ್ಲಿ. ಭದ್ರಾ ಹಿನ್ನೀರಿನ ಆಸುಪಾಸಿನಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ಬಹಳ. ವಿಶ್ವಕಪ್ ಬಂತು ಅಂದ್ರೆ ಅಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಬಾವುಟ ಹಾರುತ್ತೆ. ಗೆಳೆಯನ ಅಪ್ಪ, ರಬ್ಬರ್ ತೋಟದವರು, ನಾನು ಚಾಪ್ಮನ್ ಹೆಸರು ಹೇಳಿದ ಕೂಡಲೇ ಕುರ್ಚಿಯಿಂದ ಮುಂದೆ ಬಾಗಿದ್ರು. “ನಮ್ಮ ಕೊಚ್ಚಿನ್ ಚಾಪ್ಮನ್ ಅಲ್ವಾ!” ಅಂದ್ರು. ನಮ್ಮ ಅಂತೆ! ಬೆಂಗಳೂರಿನ ಚಾಪ್ಮನ್ ಕೇರಳದವರಿಗೆ ನಮ್ಮವನು, ಕೋಲ್ಕತ್ತಾದವರಿಗೆ ನಮ್ಮವನು, ಪಂಜಾಬಿನವರಿಗೆ ನಮ್ಮವನು. ನಮಗೆ ಮಾತ್ರ 18 ಸೆಕೆಂಡ್.

1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಆ ಕ್ಲಬ್ ಮೊದಲ ಸಲ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕ ಚಾಪ್ಮನ್. ಗೆದ್ದ ಮೇಲೆ, 2001ರಲ್ಲೇ, ಆಟದಿಂದ ನಿವೃತ್ತಿ. ವಯಸ್ಸು ಬರೀ 30. ಪಿರ್ಲೊ ವಿಶ್ವಕಪ್ ಗೆದ್ದಿದ್ದು 27ರಲ್ಲಿ, ಆಟ ಬಿಟ್ಟಿದ್ದು 38ರಲ್ಲಿ.

ಆಮೇಲೆ ಏನು ಮಾಡಿದ? ಕೋಚ್ ಆದ. ಮೊದಲು ತಾನು ಕಲಿತ ಟಾಟಾ ಅಕಾಡೆಮಿಯಲ್ಲೇ. ಮುಂದೆ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೊ, ಕೋಲ್ಕತ್ತಾದ ಭವಾನಿಪುರ, ಕಲ್ಲಿಕೋಟೆಯ ಕ್ವಾರ್ಟ್ಜ್ ಕ್ಲಬ್. ಗಮನಿಸಿ, ಮತ್ತೆ ರೈಲು. ಯುವೆಂಟಸ್ ತನ್ನ ಮಾಜಿ ಮಿಡ್‌ಫೀಲ್ಡರ್‌ನನ್ನ ಮನೆಗೆ ಕರೆದು ಕೋಚ್ ಮಾಡ್ತು. ನಮ್ಮ ಮಿಡ್‌ಫೀಲ್ಡರ್ ಊರೂರು ತಿರುಗಿ ಬೇರೆಯವರ ಮಕ್ಕಳಿಗೆ ಪಾಸ್ ಕೊಡೋದು ಕಲಿಸಿದ. ಆಟ ಬಿಟ್ಟ ಮೇಲೂ ಅವನು ಮಾಡಿದ್ದು ಮಿಡ್‌ಫೀಲ್ಡರ್ ಕೆಲಸವೇ, ಹಿಂದಿನವರಿಂದ ಬಂದಿದ್ದನ್ನ ಮುಂದಿನವರಿಗೆ ಮುಟ್ಟಿಸೋದು.

2020ರ ಅಕ್ಟೋಬರ್ 12ರ ಬೆಳಗ್ಗೆ ಬೆಂಗಳೂರಿನಲ್ಲಿ ಹೃದಯಾಘಾತ. 50 ತುಂಬೋಕೆ ಇನ್ನೂ ಆರು ತಿಂಗಳು ಇತ್ತು.

ಈಗ ಕೆಲವರು ಕೇಳಬಹುದು. ಇದೆಲ್ಲ ಹಳೇ ಕಥೆ, ಈಗ ಬೆಂಗಳೂರು ಎಫ್‌ಸಿ ಇದೆಯಲ್ಲ ಅಂತ. ನಿಜ, ಇದೆ, ಅದು ಸಂತೋಷವೇ. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯ್ತು. ಆ ಮೊದಲ ಸೀಸನ್ ನಡೆದಿದ್ದು ಎಲ್ಲಿ? ಮಾವ ಭಾನುವಾರ ಭಾನುವಾರ ಹೋಗ್ತಿದ್ದ ಅದೇ ಅಶೋಕನಗರದ ಸ್ಟೇಡಿಯಂನಲ್ಲಿ. ಆದ್ರೆ ಚಾಪ್ಮನ್ ಆಟ ಬಿಟ್ಟು ಅಷ್ಟೊತ್ತಿಗೆ 12 ವರ್ಷ ಆಗಿತ್ತು. ತವರಿನ ದೊಡ್ಡ ಕ್ಲಬ್‌ನ ಜೆರ್ಸಿ ಹಾಕಿ ತವರಿನವರ ಎದುರು ಆಡೋ ಅವಕಾಶ ಆ ಪೀಳಿಗೆಗೆ ಸಿಗಲೇ ಇಲ್ಲ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ, ನಾನು ಅದನ್ನ ಬುಲೆಟಿನ್‌ನಲ್ಲಿ ಪೂರ್ತಿಯಾಗಿ ಓದಿದೆ. 54 ವರ್ಷ ಅಂತ ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು. ಆ ವರ್ಷಗಳ ನಡುವೆ ಎಷ್ಟು ಚಾಪ್ಮನ್‌ಗಳು ರೈಲು ಹತ್ತಿ ಹೋದ್ರು ಅನ್ನೋ ಯೋಚನೆ.

ಹೊರಗೆ ಹೋಗೋದು ತಪ್ಪು ಅಂತ ನಾನು ಹೇಳ್ತಿಲ್ಲ. ಕೊಪ್ಪದಿಂದ ಬೆಂಗಳೂರಿಗೆ ಬಂದವನು ನಾನು, ನನ್ನ ಜೊತೆ ಓದಿದವರು ಅಮೆರಿಕದಲ್ಲಿದ್ದಾರೆ. ಮಲೆನಾಡಿನ ಮನೆಗಳಲ್ಲಿ ಈಗ ವಯಸ್ಸಾದವರು ಇಬ್ಬರು, ಅಂಗಳ ದೊಡ್ಡದು. ಹೋದವನು ಹೋದ ಅಂತ ನಾವು ಲೆಕ್ಕದಿಂದಲೇ ತೆಗೆದುಬಿಟ್ರೆ, ಅದು ತಪ್ಪು. ದಂಡಿನ ಬೀದಿಯ ಹುಡುಗ, ಹೆಸರು ಚಾಪ್ಮನ್, ಆಡಿದ್ದು ಬಂಗಾಳಕ್ಕೆ ಮತ್ತು ಪಂಜಾಬಿಗೆ. ಈ ಮೂರು ಕಾರಣಕ್ಕೆ ಅವನು ನಮ್ಮವನು ಅಂತ ನಮಗೆ ಅನಿಸಲೇ ಇಲ್ಲ. ದಂಡು ಮತ್ತು ಪೇಟೆ ಕಾಗದದಲ್ಲಿ ಒಂದಾಗಿದ್ದು 1949ರಲ್ಲಿ. ನಮ್ಮ ನ್ಯೂಸ್‌ರೂಮ್‌ನಲ್ಲಿ ಅದು 2020ರಲ್ಲೂ ಆಗಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಕೊಪ್ಪಕ್ಕೆ ಹೋಗಿದ್ದೆ. ಮಾವನ ಜೊತೆ ಪೇಟೆಗೆ ಹೋಗಿ ಬರುವಾಗ ಗದ್ದೆ ಬಯಲಲ್ಲಿ ಹುಡುಗರು ಕೆಸರಲ್ಲಿ ಚೆಂಡು ಒದೀತಿದ್ರು. ಇಬ್ಬರೂ ಕೊಡೆ ಹಿಡ್ಕೊಂಡು ನಿಂತು ನೋಡಿದ್ವಿ. ಒಂದು ಗೋಲ್ ಬಿತ್ತು. ಹೊಡೆದವನ ಮೇಲೆ ಎಲ್ಲ ಹುಡುಗರೂ ಬಿದ್ದು ಹೊರಳಾಡಿದ್ರು. ನಾನು ಮೊಬೈಲ್ ತೆಗೆದು ಅವನ ವಿಡಿಯೋ ಮಾಡೋಕೆ ಹೋದೆ.

“ಅವನ್ನಲ್ಲ ಮಾರಾಯ” ಅಂದ್ರು ಮಾವ. “ಅಗೋ ಅಲ್ಲಿ, ಬನಿಯನ್ ಹಾಕ್ಕೊಂಡು ಸುಮ್ನೆ ವಾಪಸ್ ನಡೀತಿದಾನಲ್ಲ, ಅವನ್ನ ಹಿಡಿ. ಚೆಂಡು ಕೊಟ್ಟಿದ್ದು ಅವ.”

ಹಿಡಿದೆ. ಮಳೆಗೆ ಲೆನ್ಸ್ ಮಂಜಾಗಿತ್ತು, ವಿಡಿಯೋ ಚೆನ್ನಾಗಿ ಬಂದಿಲ್ಲ. ಆದ್ರೂ ಇಟ್ಕೊಂಡಿದ್ದೀನಿ.

ಕೊನೆಯದಾಗಿ, 2020ರ ಅಕ್ಟೋಬರ್ 12ರಂದು ನಾನು ಓದಬೇಕಿದ್ದ ಸುದ್ದಿ ಇದು. ಈಗ ಓದ್ತೀನಿ, ತೊದಲದೆ.

ಭಾರತ ಫುಟ್‌ಬಾಲ್ ತಂಡದ ಮಾಜಿ ನಾಯಕ, ಬೆಂಗಳೂರಿನ ಆಸ್ಟಿನ್ ಟೌನ್‌ನ ಕಾರ್ಲ್‌ಟನ್ ಚಾಪ್ಮನ್ ಇಂದು ಬೆಳಗ್ಗೆ ನಗರದಲ್ಲಿ ಹೃದಯಾಘಾತದಿಂದ ನಿಧನರಾದರು. ಅವರಿಗೆ 49 ವರ್ಷ ವಯಸ್ಸಾಗಿತ್ತು. ತೊಂಬತ್ತರ ದಶಕದಲ್ಲಿ ದೇಶದ ಶ್ರೇಷ್ಠ ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬರಾಗಿದ್ದ ಚಾಪ್ಮನ್, 1993ರಲ್ಲಿ ಇರಾಕ್‌ನ ಅಲ್ ಜವ್ರಾ ವಿರುದ್ಧ ಈಸ್ಟ್ ಬೆಂಗಾಲ್ ಪರ ಹ್ಯಾಟ್ರಿಕ್ ಸಾಧಿಸಿದ್ದರು. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ ತಂಡದಲ್ಲಿ ಆಡಿದ್ದ ಅವರು, 1997ರಲ್ಲಿ ಭಾರತಕ್ಕೆ ಸ್ಯಾಫ್ ಕಪ್, 2001ರಲ್ಲಿ ಈಸ್ಟ್ ಬೆಂಗಾಲ್‌ಗೆ ಲೀಗ್ ಪಟ್ಟ ಗೆದ್ದುಕೊಟ್ಟ ನಾಯಕ. ನಿವೃತ್ತಿಯ ನಂತರ ಜಮ್‌ಶೆಡ್‌ಪುರ, ಶಿಲ್ಲಾಂಗ್, ಕೋಲ್ಕತ್ತಾ ಮತ್ತು ಕಲ್ಲಿಕೋಟೆಯಲ್ಲಿ ಕಿರಿಯರಿಗೆ ಆಟ ಕಲಿಸಿದರು. ಅಹ್ಮದ್ ಖಾನ್, ರಾಮನ್, ಕೆಂಪಯ್ಯ ಅವರನ್ನು ದೇಶಕ್ಕೆ ಕೊಟ್ಟ ಬೆಂಗಳೂರು ಇಂದು ತನ್ನ ಮತ್ತೊಬ್ಬ ಮಗನನ್ನು ಕಳೆದುಕೊಂಡಿದೆ.

ಇಷ್ಟೇ. ಗಡಿಯಾರ ಇಟ್ಟು ಓದಿ ನೋಡಿದೆ. ಒಂದು ನಿಮಿಷ, ಚಿಲ್ಲರೆ ಸೆಕೆಂಡ್. ಟೈಮ್ ಇತ್ತು.